ಕೆಂಪು ದಾರಿ, ಕರಿ ದಾರಿ: ಚಿಂಚೋಳಿ–ಬೀದರ್ ಗ್ರಾವೆಲ್ ಸುತ್ತಿನ ಕೆಲಸ ಎಲ್ಲಿಗೆ ಬಂತು

ಡಾಂಬರಿಲ್ಲದ ದಾರಿಯಲ್ಲಿ ಸೈಕಲ್ ತುಳಿಯುವ ಗ್ರಾವೆಲ್ ಸುತ್ತಿಗೆಂದು ನಾನು ಮಾಡುತ್ತಿರುವ ನಕ್ಷೆಗೆ ಈಗ ಮೂರು ಬಣ್ಣ ಬಂದಿವೆ. ಮುರಂ (ಕೆಂಪು ಹರಳುಮಣ್ಣಿನ) ದಾರಿಗೆ ಕೆಂಪು, ಎರೆಹೊಲದ ಬಂಡಿದಾರಿಗೆ ಕಪ್ಪು, ಡಾಂಬರಿಗೆ ಬೂದು. ಕಲಬುರಗಿಯಿಂದ ಕಮಲಾಪುರ, ಮರಗುತ್ತಿ, ಹುಮನಾಬಾದ್ ಹಿಡಿದು ಬೀದರ್ ಮುಟ್ಟುವುದು, ಅಲ್ಲಿಂದ ಮನ್ನಾಎಖೇಳ್ಳಿ ಮೇಲೆ ಹಾದು ಚಿಂಚೋಳಿ ಕಾಡಿಗೆ ಇಳಿಯುವುದು, ಮತ್ತೆ ಮನೆ. ಈ ಸುತ್ತನ್ನು ಆದಷ್ಟು ಡಾಂಬರು ತಪ್ಪಿಸಿ ಜೋಡಿಸಬೇಕೆನ್ನುವುದು ನನ್ನ ಹಟ.

ಘಟ್ಟದ ಕಡೆಯ ಸೈಕಲ್ ಗೆಳೆಯರು ಮೊದಲು ಕೇಳುವುದು ಏರು ಎಷ್ಟು ಅಂತ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 660 ದಾಟುತ್ತದೆ. ನಡುವೆ ಮರಗುತ್ತಿ ಗುಡ್ಡ ಬಿಟ್ಟರೆ ಉಸಿರುಗಟ್ಟಿಸುವ ಏರೇನಿಲ್ಲ. ನಮ್ಮ ಕಡೆ ದಾರಿ ಉಂಟೋ ಇಲ್ಲವೋ ಅಂತ ಹೇಳುವುದು ಮಣ್ಣು, ಮತ್ತೆ ಅದರ ಮೇಲೆ ಮಳೆ ಯಾವಾಗ ಬಿತ್ತು ಅನ್ನುವುದು. ಒಂದೇ ದಾರಿ ಡಿಸೆಂಬರಿನಲ್ಲಿ ಸ್ವರ್ಗ, ಆಗಸ್ಟಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದಲೇ ಬಣ್ಣ.

ಕಪ್ಪಿನ ಸಂಗತಿ ಮೊದಲು. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಇದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಒಂದು ಜೋರು ಮಳೆ ಬಿದ್ದರೆ ಸಾಕು, ಟೈರಿಗೆ ಮೆತ್ತಿದ ಮಣ್ಣು ಹುಲ್ಲುಕಡ್ಡಿ ಸೇರಿಸಿಕೊಂಡು ಗಾಲಿ ಹಿಡಿಯುವ ಫೋರ್ಕಿನೊಳಗೆ ಗಟ್ಟಿಯಾಗಿ ಕೂತು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕಡ್ಡಿಯಲ್ಲಿ ಕೆತ್ತಬೇಕು, ನಾಲ್ಕು ಹೆಜ್ಜೆ ತಳ್ಳಬೇಕು, ಮತ್ತೆ ಕೆತ್ತಬೇಕು. ಮಡ್‌ಗಾರ್ಡ್ ಇದ್ದರಂತೂ ಸೈಕಲ್ಲನ್ನು ಹೆಗಲ ಮೇಲೇ ಹೊರಬೇಕು. ಮಹಾಗಾಂವ್ ಕಡೆ ಶ್ರಾವಣದಲ್ಲಿ ಒಬ್ಬ ಹಿರಿಯರು ಕಟ್ಟೆ ಮೇಲೆ ಕೂತಲ್ಲಿಂದಲೇ ಕೇಳಿದರು: "ತಮ್ಮಾ, ಇವತ್ತ ಎತ್ತೇ ಹೊರಗ ಬಿಟ್ಟಿಲ್ಲ ನಾವು, ನೀ ಸೈಕಲ್ ಹಿಡ್ಕೊಂಡು ಎಲ್ಲಿ ಹೊಂಟಿ?" ಹವಾಮಾನದ ಯಾವ ಆ್ಯಪ್‌ಗಿಂತಲೂ ಇದು ಒಳ್ಳೆಯ ಅಳತೆ. ಎತ್ತು ಹೊಲಕ್ಕೆ ಹೋಗದ ದಿನ ಕರಿದಾರಿ ಮುಚ್ಚಿದೆ ಅಂತಲೇ ಬರೆದುಕೊಳ್ಳುತ್ತೇನೆ. ಕಡುಬೇಸಿಗೆಯಲ್ಲೂ ಇದು ಪೂರಾ ಒಳ್ಳೆಯದಲ್ಲ. ಬಿರುಕು ದಾರಿಯ ಉದ್ದಕ್ಕೆ ಬಿದ್ದಿದ್ದರೆ ಸಣ್ಣ ಟೈರು ಅದರೊಳಗೇ ಇಳಿದುಬಿಡುತ್ತದೆ.

ಕರಿದಾರಿಗೆ ಒಳ್ಳೆಯ ಕಾಲವೆಂದರೆ ದೀಪಾವಳಿ ಮುಗಿದ ಮೇಲಿನ ಚಳಿಗಾಲ. ಬಂಡಿ, ಟ್ರ್ಯಾಕ್ಟರ್ ಓಡಾಡಿ ದಾರಿ ಗಟ್ಟಿಯಾಗಿರುತ್ತದೆ. ಮೇಲೆ ತೆಳ್ಳಗೆ ಧೂಳು, ಎರಡೂ ಬದಿ ಹಿಂಗಾರಿ ಜೋಳ, ಕಡಲೆ. ಈ ಸಲ ಎಳ್ಳಮಾವಾಸ್ಯೆಯ ದಿನವನ್ನೇ ಬೇಕಂತ ಆರಿಸಿಕೊಂಡೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ, ಆದ್ದರಿಂದ ನಕ್ಷೆಯಲ್ಲಿ ಕಾಣದ ದಾರಿಗಳೆಲ್ಲ ಓಡಾಟಕ್ಕೆ ತೆರೆದಿರುತ್ತವೆ. ಯಾವ ಬದುವಿನ ಮೇಲಿಂದ ಯಾವ ಹಳ್ಳ ದಾಟಬಹುದು ಅಂತ ಹೇಳಲು ಹೆಜ್ಜೆಗೊಬ್ಬರು ಸಿಗುತ್ತಾರೆ. ದೂರ ಮಾತ್ರ ಸಾಗುವುದಿಲ್ಲ. ಚರಗ ಚೆಲ್ಲಿ (ಹೊಲಕ್ಕೆ ನೈವೇದ್ಯ ಎರಚಿ) ಊಟಕ್ಕೆ ಕೂತವರು "ಉಂಡ ಹೋಗ್ರಿ" ಅಂದಾಗ ಹೆಲ್ಮೆಟ್ ತೆಗೆಯದೆ ಮುಂದೆ ಹೋಗುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಇಷ್ಟು ಆದ ಮೇಲೆ ಪೆಡಲ್ ತುಳಿಯುವವರು ತುಳಿಯಲಿ. ಆ ದಿನದ ಜಿಪಿಎಸ್ ಗೆರೆ ನೋಡಿದರೆ ಚಲಿಸಿದ ಹೊತ್ತಿಗಿಂತ ನಿಂತ ಹೊತ್ತೇ ಹೆಚ್ಚು. ಆದರೂ ಕಮಲಾಪುರದ ಈಚೆಯ ಬಂಡಿದಾರಿಗಳೆಲ್ಲ ಅವತ್ತೇ ಕೂಡಿಕೊಂಡವು.

ಕೆಂಪಿನದು ಬೇರೆಯೇ ಸ್ವಭಾವ. ಬೀದರ್ ಊರು ಕೂತಿರುವುದು ಕಪ್ಪುಕಲ್ಲಿನ ಮೇಲೆ ಟೊಪ್ಪಿಗೆಯ ಹಾಗೆ ಕೂತ ಜಂಬಿಟ್ಟಿಗೆಯ ಪದರದ ಮೇಲೆ. ಜಂಬಿಟ್ಟಿಗೆಯಲ್ಲಿ ನೀರು ಸಲೀಸಾಗಿ ಇಂಗುತ್ತದೆ, ಕೆಳಗಿನ ಬಸಾಲ್ಟ್ ಬಂಡೆ ಅದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ಎರಡೂ ಕೂಡುವ ಅಂಚಿನಲ್ಲಿ ಒರತೆ ಒಡೆಯುತ್ತದೆ. ಸೈಕಲ್‌ನವನಿಗೆ ಇದರಿಂದ ಎರಡು ಲಾಭ. ಮೇಲಿನ ಮುರಂ ಮಳೆ ನಿಂತ ಕೆಲವೇ ಗಂಟೆಯಲ್ಲಿ ತುಳಿಯಲು ಬರುತ್ತದೆ. ಅಂಚು ಹಿಡಿದು ಹೋದರೆ ನೀರೂ ಸಿಗುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ, ಭಕ್ತರು ಹೋಗುವ ಈ ಮೂರೂ ಒರತೆಯ ಜಾಗಗಳೇ. ಬಹಮನಿ ಕಾಲದಲ್ಲಿ ನೌಬಾದ್ ಹತ್ತಿರ ತೋಡಿದ ಕರೇಜ್ ಸುರಂಗವೂ ನೆಲದೊಳಗಿನ ನೀರನ್ನು ಹಿಡಿದು ಊರಿಗೆ ಹರಿಸಿದ್ದು. ಸಾಲಾಗಿ ಕಾಣುವ ಅದರ ಬಾವಿಗಳ ಪಕ್ಕದಲ್ಲಿ ಸೈಕಲ್ ನಿಲ್ಲಿಸಿದಾಗೆಲ್ಲ ನನಗೆ ಅನಿಸುವುದಿಷ್ಟೇ: ಈ ಮಣ್ಣನ್ನು ಓದಿದವರು ನಮಗಿಂತ ಎಷ್ಟೋ ಮುಂಚೆ ಇದ್ದರು. ಬೀದರ್ ಸುತ್ತಿನ ಭಾಗವನ್ನೆಲ್ಲ ಈಗ ಪ್ರಸ್ಥಭೂಮಿಯ ಅಂಚಿಗೇ ಸರಿಸಿದ್ದೇನೆ. ದೂರ ಸ್ವಲ್ಪ ಹೆಚ್ಚಾಯಿತು, ಬಾಟಲಿ ಒಂದು ಕಡಿಮೆಯಾಯಿತು.

ಮುರಮ್ಮಿಗೂ ಒಂದು ಖೋಡಿ ಇದೆ. ಸವೆದ ದಾರಿಯಲ್ಲಿ ಸಣ್ಣ ಗುಂಡುಹರಳು ಎದ್ದು, ತಿರುವಿನಲ್ಲಿ ಮುಂದಿನ ಗಾಲಿಯನ್ನು ಜಾರಿಸುತ್ತವೆ. ಗಾಳಿ ಇಳಿಸುವುದೇ ಮದ್ದು. 45 ಮಿಲಿಮೀಟರ್ ಟೈರಿಗೆ ಮುಂದೆ 30, ಹಿಂದೆ 34 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟ ಮೇಲೆ ನನಗೆ ಸರಿಹೋಯಿತು. ಮೈತೂಕ ಹೆಚ್ಚಿದ್ದವರು ಎರಡು ಮೂರು ಏರಿಸಿಕೊಳ್ಳಬೇಕು.

ಚಿಂಚೋಳಿ ಕಾಡಿನ ಬಗ್ಗೆ ಸ್ವಲ್ಪ ಖಡಾಖಂಡಿತವಾಗಿ ಹೇಳಬೇಕಿದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರಿನ ಒಣಭೂಮಿಯ ಕಾಡು ಅದು. ತೋಳ, ಕತ್ತೆಕಿರುಬ, ನರಿ ಇವೆ; ಶ್ರೀಗಂಧ, ರಕ್ತಚಂದನ ಇವೆ. ಕಲಬುರಗಿ ಅಂದರೆ ಬರೀ ಬಿಸಿಲು ಅನ್ನುವವರನ್ನು ಮಳೆಗಾಲದ ಕೊನೆಗೆ ಚಂದ್ರಂಪಳ್ಳಿ ಜಲಾಶಯದ ದಂಡೆಗೆ, ಎತ್ತಿಪೋತ ಜಲಪಾತದ ಹತ್ತಿರ ಒಮ್ಮೆ ಕರೆದೊಯ್ಯಬೇಕು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದ ಒಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಹಾದುಹೋಗುವವರಿಗೆ ವಿನಾಯಿತಿ ಇರುವುದು ಸಾರ್ವಜನಿಕ ಹೆದ್ದಾರಿಯಲ್ಲಿ ಮಾತ್ರ. ಉಪಗ್ರಹ ಚಿತ್ರದಲ್ಲಿ ಮರಗಳ ನಡುವೆ ಎಳೆ ಎಳೆಯಾಗಿ ಕೆಂಪು ಗೆರೆಗಳು ಕಾಣುತ್ತವೆ, ಬೆರಳು ತುರಿಸುತ್ತದೆ, ನಿಜ. ಅವನ್ನೆಲ್ಲ ಅಳಿಸಿದ್ದೇನೆ. ಕುಂಚಾವರಂ ಕಡೆಗೆ ಊರು, ತಾಂಡಾಗಳನ್ನು ಮುಟ್ಟಿಸುವ ರಸ್ತೆಯಷ್ಟೇ ಉಳಿದಿದೆ, ಅದೂ ಹಗಲು ಮಾತ್ರ. ಒಳಗಿನ ದಾರಿಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಸೇರಿಸುವುದೂ ಬೇಡ ಅಂತ ನನ್ನ ಅಭಿಪ್ರಾಯ. ಒಬ್ಬ ಗೆರೆ ಎಳೆದರೆ ಮರುವಾರ ಹತ್ತು ಬೈಕು ಅದರ ಮೇಲೆ ಬರುತ್ತವೆ.

ರಸ್ತೆಯ ಭಾಗವೇ ಏನೂ ಕಡಿಮೆಯಿಲ್ಲ. ಒಂದು ತಾಂಡಾದಲ್ಲಿ ಚಹಾ ಕೊಟ್ಟ ತಾಯಿ ಮಕ್ಕಳ ಜೊತೆ ಲಂಬಾಣಿ, ಅಂಗಡಿಯವನ ಜೊತೆ ತೆಲುಗು, ನನ್ನ ಜೊತೆ ಕನ್ನಡ ಮಾತಾಡುತ್ತ ಒಂದೇ ಉಸಿರಿನಲ್ಲಿ ಮೂರನ್ನೂ ಮುಗಿಸಿದರು. ಕುರಿಗಾರರ ನಾಯಿಗಳದ್ದು ಮಾತ್ರ ಒಂದೇ ಭಾಷೆ. ಅವು ಬಂದಾಗ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ಸಾವಕಾಶ ನಡೆಯಬೇಕು. ಓಡಿಸಿದರೆ ಅವೂ ಓಡುತ್ತವೆ.

ಮುಳ್ಳಿನ ಲೆಕ್ಕ: ಬಳ್ಳಾರಿ ಜಾಲಿ ಎಲ್ಲ ಕಡೆ, ನೆಗ್ಗಿಲು ಹೊಲದಂಚಿಗೆ, ಜನವರಿಯಲ್ಲಿ ಕೊಯ್ದ ತೊಗರಿಯ ಕೂಳೆ ಎಲ್ಲಕ್ಕಿಂತ ಕೆಟ್ಟದ್ದು. ಮೊದಲಿನ ಎರಡಕ್ಕೆ ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಸಾಕು. ಕೂಳೆ ಟೈರಿನ ಪಕ್ಕವನ್ನೇ ಸೀಳುತ್ತದೆ, ಅದಕ್ಕೆ ಒಳಗಿಡುವ ತೇಪೆ, ಒಂದು ಟ್ಯೂಬು ಜೊತೆಗಿರಲೇಬೇಕು. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ. ಡಬ್ಬಿಯ ಮೇಲೆ ಬರೆದ ತಿಂಗಳುಗಳನ್ನು ನಂಬಬೇಡಿ, ಟೈರು ಅಲುಗಾಡಿಸಿ ಸದ್ದು ಕೇಳಿ.

ಬಾಕಿ ಉಳಿದದ್ದು ಮರಗುತ್ತಿ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗ ಇಲ್ಲಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಗುಡ್ಡ ದಾಟುತ್ತದೆ. ನನಗೆ ಸದ್ಯಕ್ಕೆ ಲಾರಿಗಳ ಜೊತೆ ಹೆದ್ದಾರಿಯೇ ಗತಿ. ಗುಡ್ಡದ ಬುಡದವರೆಗೆ ಒಂದು ಮುರಂ ದಾರಿ ಸಿಕ್ಕಿದೆ, ಮೇಲೆ ಇನ್ನೊಂದು ಇದೆ. ನಡುವಿನ ತುಂಡಿನಲ್ಲಿ ಕುರಿ ಹತ್ತುತ್ತವೆ, ಸೈಕಲ್ ಹತ್ತುತ್ತದೋ ನೋಡಬೇಕು. ಯುಗಾದಿ ದಾಟಿದರೆ ಒಂಬತ್ತು ಗಂಟೆಗೇ ನೆರಳು ಹುಡುಕಬೇಕಾಗುತ್ತದೆ, ಹಾಗಾಗಿ ಮುಂದಿನ ಭಾನುವಾರವೇ ಹೊರಡುವುದು. ಬೆಳಗಿನ ಬಸ್ಸಿನ ಮೇಲೆ ಸೈಕಲ್ ಹಾಕಿ ಕಮಲಾಪುರದಲ್ಲಿ ಇಳಿಯುವುದು, ಅಲ್ಲಿನ ಕೆಂಪು ಬಾಳೆಹಣ್ಣು ನಾಲ್ಕು ಕಟ್ಟಿಸಿಕೊಳ್ಳುವುದು, ಕಟಕ ರೊಟ್ಟಿ ಶೇಂಗಾ ಹಿಂಡಿ ಹೇಗೂ ಚೀಲದಲ್ಲಿರುತ್ತದೆ. ಕುರಿಗಾರರೊಬ್ಬರು ದಾರಿ ತೋರಿಸುತ್ತೇನೆ ಅಂದಿದ್ದಾರೆ, ಆದರೆ ಅವರು ಸೈಕಲ್ ನೋಡಿ ನಕ್ಕ ರೀತಿ ನನಗೆ ಅಷ್ಟು ಭರವಸೆ ಕೊಡುವಂತಿರಲಿಲ್ಲ.