ಟೊಮೆಟೊ ತೋಟದಿಂದ ಉಪಗ್ರಹಕ್ಕೆ

ನಮ್ಮಕ್ಕನ ಮಗ ಕೋಲಾರದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಟೊಮೆಟೊ ತೋಟದಲ್ಲಿ ಮಣ್ಣಿನ ತೇವ ಅಳೆಯೋ ಸೆನ್ಸರ್ ನೇರವಾಗಿ ಸಣ್ಣ ಉಪಗ್ರಹಕ್ಕೆ ಮಾಹಿತಿ ಕಳಿಸಬೇಕು, ಅದು ಅವನ ಗುಂಪಿನ ಪ್ರಾಜೆಕ್ಟ್. ಉಪಗ್ರಹ ಇನ್ನೂ ಇಲ್ಲ ಬಿಡಿ, ಸದ್ಯಕ್ಕೆ ಮಹಡಿ ಮೇಲಿಟ್ಟಿರೋ ಇನ್ನೊಂದು ರೇಡಿಯೋನೇ ಉಪಗ್ರಹ.

ನನಗೆ ಹಿಡಿಸಿದ್ದು ಸಿಗ್ನಲ್ ಹಿಡಿಯೋ ಡಾಂಗಲ್. ಟಿವಿ ನೋಡೋಕೆ ಅಂತ ಮಾಡಿದ್ದ ಸಾಮಾನು, ಪೆನ್‌ಡ್ರೈವ್‌ಗಿಂತ ಸ್ವಲ್ಪ ದಪ್ಪ. ಯಾವ ಫ್ರೀಕ್ವೆನ್ಸಿ ಕೇಳಬೇಕು, ಬಂದ ಸಿಗ್ನಲ್ ಹೇಗೆ ಬಿಡಿಸಬೇಕು ಅನ್ನೋದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿರೋ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಡಾಂಗಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ಕಳಿಸೋಕೆ ಬೇರೆ ಬೋರ್ಡ್ ಬೇಕು.

ನಿಜವಾದ ಕಷ್ಟ ವೇಗದ್ದು. 500 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತದೆ, ನೆತ್ತಿ ಮೇಲೇ ಹಾದರೂ ಸಿಗೋದು ಹತ್ತು ನಿಮಿಷದ ಆಸುಪಾಸು. ರೈಲು ಹತ್ತಿರ ಬಂದು ದಾಟಿ ಹೋದಾಗ ಹಾರ್ನ್ ಸದ್ದು ಬದಲಾಗುತ್ತದಲ್ಲ, ಹಾಗೆ 437 ಮೆಗಾಹರ್ಟ್ಸ್ ಸಿಗ್ನಲ್ ಆ ಕಡೆ ಈ ಕಡೆ ಸುಮಾರು 10 ಕಿಲೋಹರ್ಟ್ಸ್ ಜಾರುತ್ತದೆ, ಅದನ್ನು ಸಾಫ್ಟ್‌ವೇರ್ ಬೆನ್ನು ಹತ್ತಿ ಹಿಡಿಯಬೇಕು. ಮಹಡಿ ಮೇಲಿನ ರೇಡಿಯೋ ಓಡೋದಿಲ್ಲ. ಅದಕ್ಕೇ ಆ ಜಾರುವಿಕೆಯನ್ನು ಬೇಕಂತಲೇ ಕೋಡಿನಲ್ಲಿ ಸೇರಿಸಿದ್ದಾರೆ, ಜಾಣರು.

ಊರ ತುಂಬ ಮೊಬೈಲ್ ಟವರ್ ಇರುವಾಗ ಇದೆಲ್ಲ ಯಾಕೆ ಅಂತ ಭಾವನ ತಕರಾರು. ಸರಿಯೇ. ಆದರೆ ಟವರೇ ಇಲ್ಲದ ಕಾಡಿಗೂ ಸಮುದ್ರಕ್ಕೂ ಇಂಥದ್ದು ಬೇಕು, ಕಲಿಯೋಕೆ ನಮ್ಮ ತೋಟ ಸಾಕಲ್ವಾ? 2010ರಲ್ಲಿ ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಮಾಡಿದ, ಇಸ್ರೋ ಹಾರಿಸಿದ ಸ್ಟಡ್‌ಸ್ಯಾಟ್ ಅನ್ನೋ ಉಪಗ್ರಹ ಒಂದು ಕೆ.ಜಿ.ಗೂ ಕಡಿಮೆ ಇತ್ತು ಅಂದೆ.

"ಸರಿ, ಅದು ಟೊಮೆಟೊ ರೇಟ್ ಹೇಳುತ್ತಾ?" ಅಂದರು ಭಾವ.