ತೂಕ, ಹಗುರ ಮತ್ತು ದಾವೀದನ ಕುಣಿತ

ಇಸ್ರಾಯೇಲಿನ ಅರಸ ದಾವೀದ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ಕುಣಿದ, ಅವನ ಹೆಂಡತಿ, ಹಿಂದಿನ ಅರಸ ಸೌಲನ ಮಗಳು ಮೀಕಲ್ ಕಿಟಕಿಯಿಂದ ನೋಡಿ ಹೀಯಾಳಿಸಿದಳು. 2 ಸಮುವೇಲ 6ನೇ ಅಧ್ಯಾಯದ ಈ ಭಾಗವನ್ನು ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಸಭೆಗಳಲ್ಲಿ ಪ್ರಸಂಗಕ್ಕೆ ತಗೊಳ್ಳುವವರು ಒಂದೋ 'ಮನಸ್ಸು ತುಂಬಿದ್ದರೆ ಸಾಕು, ಕ್ರಮ ಯಾಕೆ' ಅನ್ನುತ್ತಾರೆ, ಇಲ್ಲವೇ 'ಮೀಕಲ್ ಸೊಕ್ಕಿನವಳು, ಅದಕ್ಕೇ ಮಕ್ಕಳಾಗಲಿಲ್ಲ' ಅನ್ನುತ್ತಾರೆ. ಎರಡೂ ಮೂಲಕ್ಕೆ ಅನ್ಯಾಯ.

ಗಂಟು ಬಿಚ್ಚಬೇಕಾದರೆ ಎರಡು ಹೀಬ್ರೂ ಮಾತು ಹಿಡಿಯಬೇಕು. 'ಕಾವೋದ್' ಅಂದರೆ ಮಾನ, ಮಹಿಮೆ; ಅದರ ಧಾತುವಿನ ಅರ್ಥ ಭಾರ. 'ಕಲಲ್' ಅಂದರೆ ಹಗುರಾಗು, ತುಚ್ಛವಾಗು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. 'ತೂಕದ ಮನುಷ್ಯ' ಅನ್ನುವವರೂ ನಾವೇ, 'ನಾಲ್ಕು ಮಂದಿ ಮುಂದ ಹಗುರ ಆಗಬ್ಯಾಡ' ಅನ್ನುವವರೂ ನಾವೇ. ಆದರೆ ಅನುವಾದಗಳಲ್ಲಿ ಒಂದು ಕಡೆ ಘನತೆ, ಇನ್ನೊಂದು ಕಡೆ ಮಹಿಮೆ, ಮತ್ತೊಂದು ಕಡೆ ಮಾನ ಎಂದು ಬರುವುದರಿಂದ ಎಳೆ ಕಡಿದುಹೋಗುತ್ತದೆ.

ಎಳೆ ಶುರುವಾಗುವುದು ಏಲಿಯ ಮನೆಯಲ್ಲಿ. ಸಮುವೇಲನ ತಾಯಿ ಹನ್ನಳು ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸುತ್ತಿದ್ದಾಗ ಕುಡಿದಿದ್ದಾಳೆಂದು ಗದರಿಸಿದ ಯಾಜಕ ಇವನೇ. ಮುಂದೆ 1 ಸಮುವೇಲ 2:30ರಲ್ಲಿ ಅವನಿಗೆ ಬಂದ ಮಾತು ಇದು: ನನಗೆ ತೂಕ ಕೊಡುವವರಿಗೆ ನಾನು ತೂಕ ಕೊಡುವೆ, ನನ್ನನ್ನು ತಿರಸ್ಕರಿಸುವವರು ಹಗುರಾಗುವರು. 4ನೇ ಅಧ್ಯಾಯದಲ್ಲಿ ಮಂಜೂಷ ಫಿಲಿಷ್ಟಿಯರ ಪಾಲಾಯಿತೆಂಬ ಸುದ್ದಿ ಕೇಳಿ ಏಲಿ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸಾಯುತ್ತಾನೆ. ಅವನು 'ಕಾವೇದ್' ಆಗಿದ್ದ, ಭಾರದ ಮೈಯವನು, ಎಂದು ಅಲ್ಲೇ ಬರೆದಿದೆ. ಅವನ ಸೊಸೆ ಹೆರಿಗೆ ನೋವಿನಲ್ಲಿ ಮಗುವಿಗೆ ಈಕಾಬೋದ್ ಎಂದು ಹೆಸರಿಟ್ಟು, ಇಸ್ರಾಯೇಲಿನಿಂದ ಕಾವೋದ್ ಹೊರಟುಹೋಯಿತು ಅನ್ನುತ್ತಾಳೆ. ದಾವೀದ ತರಲು ಹೊರಟಿದ್ದು ಹಾಗೆ ಹೋಗಿದ್ದ ಆ ಕಾವೋದನ್ನೇ.

ಮೊದಲ ಸಲ ಕೆಟ್ಟಿತು. 30,000 ಜನ, ವಾದ್ಯ, ಹೊಸ ಬಂಡಿ, ಉತ್ಸಾಹಕ್ಕೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೆಗಲಿನದು. ವಿಮೋಚನಕಾಂಡ 25ರ ಪ್ರಕಾರ ಮಂಜೂಷ ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ನಾಲ್ಕು ಬಳೆ, ಅವುಗಳಲ್ಲಿ ಎರಡು ಕೋಲು, ಕೋಲುಗಳನ್ನು ತೆಗೆಯಲೇಬಾರದು. ನಮ್ಮ ಪಲ್ಲಕ್ಕಿಯ ದಂಡಿಗೆ ನೋಡಿದವರಿಗೆ ಇದು ಹೊರುವ ವಸ್ತುವೆಂದು ಕೂಡಲೇ ತಿಳಿಯುತ್ತದೆ. ಅರಣ್ಯಕಾಂಡ 7ರಲ್ಲಿ ಗುಡಾರದ ಸೇವೆಯ ಕುಲವಾದ ಲೇವಿಯರಿಗೆ 6 ಬಂಡಿ, 12 ಎತ್ತು ಹಂಚುವಾಗ ಅವರಲ್ಲೇ ಒಂದು ಮನೆತನವಾದ ಕೆಹಾತ್ಯರಿಗೆ ಒಂದನ್ನೂ ಕೊಡಲಿಲ್ಲ, ಏಕೆಂದರೆ ಅವರದು ಹೆಗಲ ಮೇಲೆ ಹೊರುವ ಸೇವೆ. ಹೊಸ ಬಂಡಿಯಲ್ಲಿ ಮಂಜೂಷವನ್ನು ಹಿಂದಕ್ಕೆ ಕಳಿಸಿದ್ದು ಫಿಲಿಷ್ಟಿಯರ ಪದ್ಧತಿ. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಎಡವಿದರೆ ಉಳಿದ ಹೆಗಲುಗಳು ತಡೆಯುತ್ತವೆ. ಎತ್ತು ಎಡವಿದರೆ ಬಂಡಿಯಲ್ಲಿದ್ದದ್ದೆಲ್ಲ ವಾಲುತ್ತದೆ. ನಾಕೋನನ ಕಣದ ಹತ್ತಿರ ಆದದ್ದು ಅದೇ. ಬಂಡಿ ನಡೆಸುತ್ತಿದ್ದ ಉಜ್ಜ ಮಂಜೂಷವನ್ನು ಕೈಚಾಚಿ ಹಿಡಿದ, ಅಲ್ಲೇ ಸತ್ತ. ಮೂರು ತಿಂಗಳು ಮಂಜೂಷ ಓಬೇದೆದೋಮನ ಮನೆಯಲ್ಲಿ ಉಳಿಯಿತು.

ಎರಡನೇ ಸಲ ಹೊತ್ತು ತಂದರು. ಹೊತ್ತವರು ಆರು ಹೆಜ್ಜೆ ಇಟ್ಟ ಮೇಲೆ ಒಂದು ಎತ್ತು, ಒಂದು ಕೊಬ್ಬಿದ ಕರು ಬಲಿ. 1 ಪೂರ್ವಕಾಲವೃತ್ತಾಂತ 15 ಇಲ್ಲಿ ಲೇವಿಯರ ಎಣಿಕೆಯನ್ನೇ ಕೊಡುತ್ತದೆ: 120, 220, 130, 200, 80, 112, ಕೂಡಿ 862 ಜನ. ದಾವೀದನ ಕುಣಿತ ಈ ಕ್ರಮದ ಒಳಗೇ ಇದೆ. ಕ್ರಮ ಮುರಿದು ಕುಣಿದನೆಂದು ಹೇಳುವವರು ಉಜ್ಜನ ಭಾಗ ಓದಿಯೂ ಬಿಟ್ಟವರು.

ಇನ್ನು ಬಟ್ಟೆಯ ಮಾತು. ದಾವೀದ ಉಟ್ಟದ್ದು 'ಏಫೋದ್ ಬಾದ್', ನಾರುಮಡಿಯ ಏಫೋದು, ಅಂದರೆ ದೇವರ ಸೇವೆಗೆ ನಿಲ್ಲುವವರ ಉಡುಪು. ನಮ್ಮಲ್ಲಿ ಅಗಸಿ ಅಂದರೆ ರೊಟ್ಟಿ ಜೊತೆಗಿನ ಹಿಂಡಿ. ಅದೇ ಗಿಡದ ಕಾಂಡವನ್ನು ನೀರಲ್ಲಿ ಕೊಳೆಹಾಕಿ, ಒಣಗಿಸಿ, ಬಡಿದು ತೆಗೆದ ನಾರೇ ಈ ಬಟ್ಟೆ. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಮುಚ್ಚಿಟ್ಟದ್ದು ಮಾಳಿಗೆ ಮೇಲೆ ಹರವಿದ್ದ ಇಂಥ ಕಾಂಡಗಳ ಕೆಳಗೆ. ಬಾಲಕ ಸಮುವೇಲ ಗುಡಿ ಸೇವೆಗೆ ನಿಂತಾಗ ಉಟ್ಟದ್ದೂ ಇದೇ ಏಫೋದು. ಹಾಗಾಗಿ ದಾವೀದ ಅರಸನ ವೇಷ ಬಿಟ್ಟು ಸೇವೆಯ ಹುಡುಗನ ಬಟ್ಟೆಯಲ್ಲಿ ಬಂದಿದ್ದ. ಬೆತ್ತಲೆ ಕುಣಿದ ಅನ್ನುವುದು ತಪ್ಪು. ಪೂರ್ವಕಾಲವೃತ್ತಾಂತ ನಯವಾದ ನಾರಿನ ನಿಲುವಂಗಿಯನ್ನೂ ಹೇಳುತ್ತದೆ.

ಆದರೂ ಅರಸ ದಾಸಿಯರ ಕಣ್ಣ ಮುಂದೆ ಮೈ ಬಿಚ್ಚಿದ ಎಂಬ ಮೀಕಲಳ ಮಾತಿಗೆ ಆಧಾರವೇ ಇಲ್ಲ ಅನ್ನಲಾಗದು. 'ಮೆಖರ್ಕೇರ್' ಅಂದರೆ ಗಿರಗಿರ ತಿರುಗುವುದು, 'ಮೆಫಜ್ಜೇಜ್' ಅಂದರೆ ಜಿಗಿಯುವುದು. ಹಾಗೆ ತಿರುಗಿದರೆ ಬಟ್ಟೆ ನಿಲ್ಲದು. ಬಲಿಪೀಠಕ್ಕೆ ಮೆಟ್ಟಿಲು ಹತ್ತಬೇಡ, ಮೈ ಕಂಡೀತು ಎಂದು ವಿಮೋಚನಕಾಂಡ 20:26 ಹೇಳುತ್ತದೆ. ಯಾಜಕರಿಗೆ ಸೊಂಟದಿಂದ ತೊಡೆಯವರೆಗೆ ಚಡ್ಡಿ ಹೊಲಿಸಬೇಕೆಂದು 28:42 ಹೇಳುತ್ತದೆ. ಆರಾಧನೆಯಲ್ಲಿ ಮೈಯ ಮಾನ ಕಾಯಬೇಕೆಂಬುದು ತೋರಾದ್ದೇ, ಅಂದರೆ ಮೋಶೆಯ ಧರ್ಮಶಾಸ್ತ್ರದ್ದೇ ಕಾಳಜಿ.

ಅವಳು ಎಡವಿದ್ದು ಬೇರೆ ಕಡೆ. "ಇಸ್ರಾಯೇಲಿನ ಅರಸ ಇವತ್ತು ಎಷ್ಟು ತೂಕದವನಾದ!" ಎಂದು ಚುಚ್ಚುತ್ತಾಳೆ, ಅಲ್ಲಿರುವುದು ಕಾವೋದದ್ದೇ ಧಾತು. ಅವಳ ಕಣ್ಣು ಇದ್ದದ್ದು ದಾಸಿಯರ ಮುಂದೆ ಅರಸ ಹೇಗೆ ಕಂಡ ಎಂಬುದರ ಮೇಲೆ. ಬೀದಿಯಲ್ಲಿ ಬರುತ್ತಿದ್ದ ಮಂಜೂಷದ ಬಗ್ಗೆ ಒಂದು ಮಾತಿಲ್ಲ. ಇನ್ನೊಂದು ಸೂಕ್ಷ್ಮವನ್ನು ಬಿಡಬಾರದು. ಈ ಅಧ್ಯಾಯದಲ್ಲಿ 'ಹೃದಯ' ಎಂಬ ಪದ ಒಂದೇ ಸಲ ಬರುತ್ತದೆ, ಅದೂ ಮೀಕಲಳದು: ಹೃದಯದಲ್ಲಿ ಅವನನ್ನು ತಿರಸ್ಕರಿಸಿದಳು. ದಾವೀದನ ಕೈಕಾಲು ಮಾತ್ರ ನಮಗೆ ಕಾಣುತ್ತವೆ.

ಅವನ ಉತ್ತರದಲ್ಲಿ ಏಲಿಗೆ ಬಂದ ಎರಡೂ ಮಾತು ತಿರುಗಿ ಬರುತ್ತವೆ: ಯೆಹೋವನ ಮುಂದೆ ಇದಕ್ಕಿಂತ ಹಗುರಾಗುವೆ, ನೀನು ಹೇಳಿದ ಆ ದಾಸಿಯರ ಹತ್ತಿರವೇ ತೂಕ ಪಡೆಯುವೆ. ಆದರೆ ಅದಕ್ಕೂ ಮೊದಲು 'ನಿನ್ನ ತಂದೆಯನ್ನೂ ಅವನ ಮನೆಯವರನ್ನೂ ಬಿಟ್ಟು ನನ್ನನ್ನು ಆರಿಸಿದ' ಎಂದನಲ್ಲ, ಅದು ತಂದೆಯನ್ನೂ ಅಣ್ಣತಮ್ಮಂದಿರನ್ನೂ ಕಳೆದುಕೊಂಡವಳಿಗೆ ಆಡುವ ಮಾತಲ್ಲ. ಭಕ್ತಿಯಲ್ಲಿ ಹಗುರಾದವನು ಹೆಂಡತಿಯ ಮುಂದೆ ಹಗುರಾಗಲಿಲ್ಲ.

ಪ್ರಸಂಗಕ್ಕೆ ಸಿದ್ಧವಾಗುವವರು 6ನೇ ಅಧ್ಯಾಯವನ್ನೇ ನೇರ ತೆರೆಯಬೇಡಿ. 1 ಸಮುವೇಲ 18:20ರಲ್ಲಿ ಮೀಕಲ್ ದಾವೀದನನ್ನು ಪ್ರೀತಿಸಿದ್ದು, 19:12ರಲ್ಲಿ ಕಿಟಕಿಯಿಂದ ಇಳಿಸಿ ಅವನ ಜೀವ ಉಳಿಸಿದ್ದು, 25:44ರಲ್ಲಿ ಸೌಲ ಅವಳನ್ನು ಬೇರೆಯವನಿಗೆ ಕೊಟ್ಟದ್ದು ಮೊದಲು ಓದಿ. ಆಮೇಲೆ 2 ಸಮುವೇಲ 3:16. ದಾವೀದ ಅವಳನ್ನು ತಿರುಗಿ ತರಿಸಿಕೊಂಡಾಗ ಆ ಗಂಡ ಪಲ್ಟೀಯೇಲ ಬಹುರೀಮಿನವರೆಗೆ ಅಳುತ್ತ ಅವಳ ಹಿಂದೆ ನಡೆದ. ಇಷ್ಟಾದ ಮೇಲೆ 6:20ರ ಅವಳ ಚುಚ್ಚುಮಾತನ್ನು ಓದುವಾಗ ಜಗಳಗಂಟಿಯ ದನಿ ಹಚ್ಚಬೇಡಿ. ಮೀಕಲಳಿಗೆ ಸಾಯುವವರೆಗೂ ಮಕ್ಕಳಾಗಲಿಲ್ಲ ಎಂಬ ಕೊನೆಯ ವಚನದ ಮೊದಲಿಗೆ 'ಆದಕಾರಣ' ಎಂದು ನಿಮ್ಮ ಕಡೆಯಿಂದ ಸೇರಿಸಬೇಡಿ. ಹೀಬ್ರೂವಿನಲ್ಲಿ ಅಲ್ಲಿರುವುದು 'ಮತ್ತು' ಎಂಬಷ್ಟೇ ಅರ್ಥದ ಒಂದಕ್ಷರ.