ನಾಲ್ಕು ಜನ, ಒಂದೇ ಪೇಸ್: ಮ್ಯಾರಥಾನ್ ತಯಾರಿಯ ದಿನಚರಿ

ಈ ಸಲದ ಗುರಿ 3 ಗಂಟೆ 10 ನಿಮಿಷದೊಳಗೆ ಮುಗಿಸುವುದು. ಕಿಲೋಮೀಟರಿಗೆ 4 ನಿಮಿಷ 30 ಸೆಕೆಂಡಿನ ಪೇಸಿನಲ್ಲಿ (4:30) ಓಡಿದರೆ 42.195 ಕಿ.ಮೀ. ಮುಗಿಯುವುದು 3:09:53ಕ್ಕೆ. ಕೈಯಲ್ಲಿ ಉಳಿಯುವುದು ಬರೀ ಏಳು ಸೆಕೆಂಡ್. ಒಂದು ಸಲ ಶೂ ಲೇಸ್ ಬಿಚ್ಚಿಕೊಂಡರೆ ಅಷ್ಟೂ ಹೋಯಿತು. ಅದಕ್ಕೇ ಈ ಸಲ ಓಟದಷ್ಟೇ ಹೊತ್ತು ಪ್ಲಾನಿಂಗಿಗೂ ಹೋಗುತ್ತಿದೆ.

ನಾವು ನಾಲ್ಕು ಜನ ಒಟ್ಟಿಗೆ ಓಡುತ್ತೇವೆ. ಟ್ರ್ಯಾಕಿನಿಂದ ಬಂದ ಹುಡುಗ ಒಬ್ಬ. 10 ಕಿ.ಮೀ. ತನಕ ನಮ್ಮಲ್ಲಿ ಯಾರೂ ಅವನ ಹತ್ತಿರ ಸುಳಿಯುವ ಹಾಗಿಲ್ಲ. ಒಬ್ಬಳು ಗೆಳತಿ, ವಾಚ್ ನೋಡದೆಯೇ ಪೇಸ್ ಹಿಡಿಯುವವಳು. ಮತ್ತೆ ಮೇಷ್ಟ್ರು. ವಯಸ್ಸಿನಲ್ಲೂ ಓಡಿದ ಮ್ಯಾರಥಾನುಗಳಲ್ಲೂ ನಮಗೆಲ್ಲ ಹಿರಿಯರು, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರೇ. ನಾಲ್ಕನೆಯವನು ನಾನು.

ಹಾಫ್ ಮ್ಯಾರಥಾನ್ ಏನು ಹೇಳಿತು

ತಯಾರಿಯ ನಡುವೆ ಒಂದು ಹಾಫ್ ಮ್ಯಾರಥಾನ್ (21.1 ಕಿ.ಮೀ.) ಓಡಿದೆವು, ಪೂರ್ತಿ ದಮ್ಮು ಹಾಕಿ. ಹುಡುಗ 1 ಗಂಟೆ 27 ನಿಮಿಷ, ನಾನು 1:30:30, ಗೆಳತಿ 1:31, ಮೇಷ್ಟ್ರು 1:32.

ಹಾಫ್ ಸಮಯದಿಂದ ಮ್ಯಾರಥಾನ್ ಸಮಯ ಅಂದಾಜು ಮಾಡುವುದಕ್ಕೆ ಪೀಟರ್ ರೀಗೆಲ್ ಅವರ ಸೂತ್ರ ಇದೆ. ಓಡುವ ದೂರ ದುಪ್ಪಟ್ಟಾದರೆ ಬೇಕಾಗುವ ಸಮಯ ಸುಮಾರು 2.085 ಪಟ್ಟು ಆಗುತ್ತದೆ ಅನ್ನುತ್ತದೆ ಅದು. ಆ ಲೆಕ್ಕದಲ್ಲಿ ಹುಡುಗನಿಗೆ 3:01, ನನಗೆ 3:08:41, ಗೆಳತಿಗೆ 3:09:44, ಮೇಷ್ಟ್ರಿಗೆ 3:11:49. ಕಾಗದದ ಮೇಲೆ ನೋಡಿದರೆ ಹುಡುಗ ನಮ್ಮ ಜೊತೆ ಓಡಬೇಕಾದ ಅಗತ್ಯವೇ ಇಲ್ಲ, ಮೇಷ್ಟ್ರು ಓಡಲಾರರು.

ಆದರೆ ಈ ಸೂತ್ರಕ್ಕೆ ಒಬ್ಬ ಓಟಗಾರ ವಾರಕ್ಕೆ ಎಷ್ಟು ಓಡುತ್ತಾನೆ ಅನ್ನುವುದು ಗೊತ್ತಿಲ್ಲ. ಉದ್ದದ ಓಟಗಳನ್ನು ಸರಿಯಾಗಿ ಮಾಡಿದವನಿಗೆ ಅದು ಹೊಂದುತ್ತದೆ. ಟ್ರ್ಯಾಕಿನ ವೇಗ ಇದ್ದು 25 ಕಿ.ಮೀ. ಮೇಲಿನ ಅನುಭವ ಕಡಿಮೆ ಇರುವವನಿಗೆ ಅದು ತುಂಬಾ ಉದಾರ. ಮೇಷ್ಟ್ರಂಥವರಿಗೆ ಜಿಪುಣ. ಅವರ ಹಳೆಯ ಫಲಿತಾಂಶ ತೆಗೆದು ನೋಡಿದರೆ ಪ್ರತಿ ಸಲವೂ ಸೂತ್ರಕ್ಕಿಂತ ಬೇಗ ಮುಗಿಸಿದ್ದಾರೆ. ಅವರಿಗೆ ವೇಗ ಕಡಿಮೆ, ಆದರೆ ಇರುವ ವೇಗ ಕೊನೆಯ ತನಕ ಇಳಿಯುವುದಿಲ್ಲ.

800 ಮೀಟರ್ ಇಂಟರ್ವಲ್ (ನಡುನಡುವೆ ಸುಧಾರಿಸಿಕೊಂಡು ಮತ್ತೆ ಮತ್ತೆ ಓಡುವುದು) ಲೆಕ್ಕವೂ ಇದೆ, ಬಾರ್ಟ್ ಯಾಸೋ ಹೆಸರಿನದು. ಹತ್ತು ಸಲ 800 ಮೀಟರನ್ನು 3 ನಿಮಿಷ 10 ಸೆಕೆಂಡಿನಲ್ಲಿ ಓಡಿದರೆ ಮ್ಯಾರಥಾನ್ 3 ಗಂಟೆ 10 ನಿಮಿಷ ಅಂತ. ಹುಡುಗ ಅದನ್ನು ಮಾತಾಡಿಕೊಂಡೇ ಮುಗಿಸುತ್ತಾನೆ. ಒಳ್ಳೆಯ ವರ್ಕೌಟ್, ಒಪ್ಪುತ್ತೇನೆ. ಆದರೆ ಮ್ಯಾರಥಾನ್ ಸಮಯ ಹೇಳುವುದಕ್ಕೆ ನಾನು ಅದನ್ನು ನಂಬುವುದಿಲ್ಲ. 35ನೇ ಕಿಲೋಮೀಟರಿನಲ್ಲಿ ಕಾಲು ಏನು ಹೇಳುತ್ತದೆ ಅನ್ನುವುದಕ್ಕೆ 800 ಮೀಟರಿನಲ್ಲಿ ಉತ್ತರ ಇಲ್ಲ.

ಕೊನೆಗೆ ನಾಲ್ವರಿಗೂ 4:30 ಅಂತಲೇ ತೀರ್ಮಾನ ಆಯಿತು. ಹುಡುಗನನ್ನು ಒಪ್ಪಿಸಿದ್ದು ಎರಡು ರೇಸುಗಳ ಸ್ಪ್ಲಿಟ್, ಅಂದರೆ ಓಟದ ಒಂದೊಂದು ಭಾಗಕ್ಕೆ ಹಿಡಿದ ಸಮಯ. 2022ರಲ್ಲಿ ಬರ್ಲಿನ್‌ನಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ 2:01:09ರ ವಿಶ್ವದಾಖಲೆ ಮಾಡಿದಾಗ ಮೊದಲರ್ಧ 59:51, ಎರಡನೆಯದು 61:18. 2023ರಲ್ಲಿ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಅದನ್ನು 2:00:35ಕ್ಕೆ ಇಳಿಸಿದಾಗ ಮೊದಲರ್ಧ 60:48, ಎರಡನೆಯದು 59:47. ಕಿಪ್ಚೋಗೆಯಂಥವರೇ ಮೊದಲು ಜೋರಾಗಿ ಹೋದರೆ ಆಮೇಲೆ ಅದರ ಬೆಲೆ ಕೊಡಬೇಕು ಅಲ್ವಾ? 30 ಕಿ.ಮೀ. ತನಕ ನಮ್ಮ ಜೊತೆ ಇರು, ಆಮೇಲೆ ನಿನಗೆ ಎಷ್ಟು ಬೇಕೋ ಅಷ್ಟು ಓಡು ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ 30 ಅಂದ್ರೆ 30. 32 ಅನ್ಬೇಡಿ" ಅಂದ.

32 ಕಿ.ಮೀ., ಅದರಲ್ಲಿ 20 ರೇಸ್ ಪೇಸ್

ಇಡೀ ತಯಾರಿಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಈ ಓಟ. ಮೊದಲ 10 ಕಿ.ಮೀ. ಆರಾಮಾಗಿ 5:20ರ ಹತ್ತಿರ. ಅಲ್ಲಿಂದ 20 ಕಿ.ಮೀ. 4:30. ಕೊನೆಯ 2 ಕಾಲು ಸಡಿಲಿಸುವುದಕ್ಕೆ. ಕಾಲಿನಲ್ಲಿ ಆಗಲೇ ದಣಿವು ಕೂತಿರುವಾಗ ರೇಸ್ ಪೇಸ್ ಹಿಡಿಯುವುದೇ ಇದರ ಉದ್ದೇಶ.

ಆ 20 ಕಿ.ಮೀ.ಯನ್ನು ನಾಲ್ಕು ಪಾಲು ಮಾಡಿಕೊಂಡೆವು. ಒಬ್ಬೊಬ್ಬರು 5 ಕಿ.ಮೀ. ಮುಂದೆ. ಮುಂದಿರುವವರು ಮಾತ್ರ ವಾಚ್ ನೋಡಬೇಕು, ಮಿಕ್ಕವರು ಅವರ ಬೆನ್ನು ನೋಡಿಕೊಂಡು ಓಡಬೇಕು. 2019ರಲ್ಲಿ ವಿಯೆನ್ನಾದಲ್ಲಿ ಕಿಪ್ಚೋಗೆ 1:59:40ರಲ್ಲಿ ಓಡಿದಾಗ ವೇಗ ಹಿಡಿದುಕೊಡುವ 41 ಪೇಸರ್‌ಗಳು ಸರದಿಯ ಮೇಲೆ ಬಂದು ಸುತ್ತ ನಿಂತು ಗಾಳಿ ತಡೆದಿದ್ದರು. ಹೀಗೆ ಸರದಿಯಲ್ಲಿ ಬಂದು ಹೋಗುವ ಪೇಸರ್‌ಗಳಿಗೆ ದಾಖಲೆಯ ನಿಯಮದಲ್ಲಿ ಅವಕಾಶ ಇಲ್ಲ, ಹಾಗಾಗಿ ಅದು ವಿಶ್ವದಾಖಲೆ ಅಂತ ಲೆಕ್ಕಕ್ಕೆ ಬರಲಿಲ್ಲ. ಗಂಟೆಗೆ 21 ಕಿ.ಮೀ. ವೇಗದಲ್ಲಿ ಗಾಳಿ ದೊಡ್ಡ ಶತ್ರು. ನಮ್ಮದು ಗಂಟೆಗೆ 13.3. ಎದುರುಗಾಳಿ ಇಲ್ಲದ ದಿನ ಗಾಳಿ ತಡೆಯುವುದರ ಲಾಭ ನಮಗೆ ಚೂರೇ ಚೂರು. ಲಾಭ ಇರುವುದು ತಲೆಗೆ. ಹದಿನೈದು ಕಿಲೋಮೀಟರ್ ವಾಚಿನ ಚಿಂತೆ ಇಲ್ಲದೆ ಓಡುವುದು ಎಷ್ಟು ಹಗುರ ಅನ್ನುವುದು ಮುಂದಿನ ಸರದಿ ಬಂದಾಗ ಗೊತ್ತಾಗುತ್ತದೆ.

ಗೆಳತಿ ಮುಂದಿದ್ದಾಗಿನ ಐದು ಸ್ಪ್ಲಿಟ್ ಹೀಗಿದ್ದವು: 4:30, 4:29, 4:30, 4:31, 4:30. ನಡುವೆ ಒಂದು ಏರು ಇತ್ತು. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿದಳು, ಹೆಜ್ಜೆಯ ಸದ್ದಿನ ಲಯ ಮಾತ್ರ ಬದಲಾಗಲಿಲ್ಲ. ಇಳಿಜಾರಿನಲ್ಲಿ ಕಳೆದದ್ದನ್ನು ವಾಪಸ್ ತೆಗೆದುಕೊಂಡಳು, ಅವಸರ ಇಲ್ಲದೆ. ನನಗೆ ಅದನ್ನು ಹಿಂದಿನಿಂದ ನೋಡುವುದೇ ಒಂದು ಪಾಠ ಆಯಿತು. ಹಾಗಾಗಿ ರೇಸಿನ ಮೊದಲ 5 ಕಿ.ಮೀ. ಅವಳೇ ಮುಂದೆ. ಜನಜಂಗುಳಿ ಇರುತ್ತದೆ, ಮೈ ಬಿಸಿ ಇರುತ್ತದೆ, ಎಲ್ಲರೂ ನುಗ್ಗುತ್ತಿರುತ್ತಾರೆ. ಅಲ್ಲಿ ಅವಳಷ್ಟು ನಿಗಾ ಇರುವವರು ನಮ್ಮಲ್ಲಿ ಬೇರೆ ಇಲ್ಲ.

ಜೆಲ್ ಮತ್ತು ನೀರು

ನನ್ನ ತೂಕ 65 ಕೆ.ಜಿ. ಪ್ರತಿ ಕೆ.ಜಿ.ಗೆ ಪ್ರತಿ ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ ಅಂದರೂ ಇಡೀ ಓಟಕ್ಕೆ 2,700 ದಾಟುತ್ತದೆ. ಸ್ನಾಯು ಮತ್ತು ಲಿವರ್‌ನಲ್ಲಿ ತುಂಬಿಟ್ಟುಕೊಳ್ಳಬಹುದಾದ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಸುಮಾರು 2,000 ಕ್ಯಾಲೊರಿ. ಮಿಕ್ಕದ್ದರಲ್ಲಿ ಒಂದಷ್ಟು ಕೊಬ್ಬಿನಿಂದ ಬರುತ್ತದೆ, ಆದರೆ ವೇಗ ಜಾಸ್ತಿಯಾದಷ್ಟೂ ಮೈ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿಗೇ ಕೈ ಹಾಕುತ್ತದೆ. 30-35 ಕಿ.ಮೀ. ಹತ್ತಿರ 'ಗೋಡೆಗೆ ಡಿಕ್ಕಿ' ಅಂತ ಓಟಗಾರರು ಹೇಳುವುದು ಇದು ಖಾಲಿಯಾಗುವುದನ್ನೇ.

ಅದಕ್ಕೆ ನಮ್ಮ ಪ್ಲಾನ್: ಗಂಟೆಗೆ 60 ಗ್ರಾಂ ಕಾರ್ಬ್ಸ್ (ಕಾರ್ಬೋಹೈಡ್ರೇಟ್), ಓಡುತ್ತಲೇ ನುಂಗುವ ಸಕ್ಕರೆಯ ಜೆಲ್ ಪ್ಯಾಕೆಟ್ಟುಗಳಿಂದ. ನಮ್ಮ ಜೆಲ್‌ನಲ್ಲಿ 25 ಗ್ರಾಂ ಇದೆ, ಅಂದರೆ 25 ನಿಮಿಷಕ್ಕೊಂದು. ನಮ್ಮ ಪೇಸಿಗೆ ಅದು ಐದೂವರೆ ಕಿಲೋಮೀಟರಿಗೊಂದು ಆಗುತ್ತದೆ. ಹಸಿವಾದಾಗ ತಿನ್ನುವುದು ಅಂತ ಇಟ್ಟುಕೊಂಡರೆ ಅಷ್ಟರಲ್ಲಿ ತಡ ಆಗಿರುತ್ತದೆ, ಹಾಗಾಗಿ ಗಡಿಯಾರದ ಪ್ರಕಾರವೇ. ಹೊಟ್ಟೆಗೂ ಇದು ಅಭ್ಯಾಸ ಆಗಬೇಕು. ಪ್ರತಿ ಉದ್ದದ ಓಟದಲ್ಲೂ ಅದೇ ಜೆಲ್, ಅದೇ ಅಂತರ. ಮೊದಮೊದಲು ಮೂರನೆಯದಕ್ಕೇ ಹುಡುಗನಿಗೆ ಹೊಟ್ಟೆ ತೊಳಸುತ್ತಿತ್ತು. ಈಗ ಆರೂ ಇಳಿಯುತ್ತವೆ.

ನಾಲ್ಕು ಜನ ಒಟ್ಟಿಗೆ ಓಡುವಾಗ ಕಷ್ಟ ಬರುವುದು ನೀರಿನ ಟೇಬಲ್ ಹತ್ತಿರ. ಅಕ್ಕಪಕ್ಕ ಓಡುತ್ತಿದ್ದರೆ ಒಬ್ಬರಿಗೆ ಕಪ್ ಸಿಗುತ್ತದೆ, ಇನ್ನೊಬ್ಬರು ಕಾಲಿಗೆ ಸಿಕ್ಕಿಬೀಳುತ್ತಾರೆ. ಅದನ್ನೂ ಅಭ್ಯಾಸ ಮಾಡಿದೆವು. ಟೇಬಲ್ ಕಂಡ ಕೂಡಲೇ ಮುಂದಿರುವವರು ಕೈ ಎತ್ತಬೇಕು, ಎಲ್ಲರೂ ಒಂದೇ ಸಾಲಿಗೆ ಬರಬೇಕು. ಮೊದಲ ಟೇಬಲ್ ಬಿಟ್ಟುಬಿಡಬೇಕು, ಅಲ್ಲೇ ನೂಕುನುಗ್ಗಲು ಜಾಸ್ತಿ. ಪೇಪರ್ ಕಪ್ಪನ್ನು ಹಿಡಿದ ತಕ್ಷಣ ಬಾಯಿಯ ಹತ್ತಿರ ಎರಡು ಬೆರಳಿನಿಂದ ಅಮುಕಿದರೆ ಅದು ಗಿಂಡಿಯ ಮೂತಿಯ ಹಾಗೆ ಆಗುತ್ತದೆ. ಆಗ ನೀರು ಮೂಗಿಗೆ ಹೋಗದೆ ಬಾಯಿಗೇ ಹೋಗುತ್ತದೆ. ಎರಡು ಗುಟುಕು, ಒಂದು ಉಸಿರು, ಮತ್ತೆ ಎರಡು ಗುಟುಕು. ಈ ಕಪ್ ಅಭ್ಯಾಸಕ್ಕೆ ಒಂದು ಇಡೀ ಸಂಜೆ ಕೊಟ್ಟಿದ್ದು ನೋಡಿ ದಾರಿಯಲ್ಲಿ ಹೋಗುವವರಿಗೆ ವಿಚಿತ್ರ ಅನ್ನಿಸಿರಬಹುದು, ನನಗಂತೂ ತುಂಬಾ ಉಪಯೋಗ ಆಯಿತು.

ನೀರು ಬಾಯಾರಿಕೆಗೆ ತಕ್ಕಷ್ಟು ಮಾತ್ರ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅಂಥವರಲ್ಲಿ ಬಹಳ ಜನ ಓಡುವಾಗ ಬೇಕಾದ್ದಕ್ಕಿಂತ ಜಾಸ್ತಿ ಕುಡಿದು ತೂಕ ಏರಿಸಿಕೊಂಡಿದ್ದರು. ನೋವಿನ ಮಾತ್ರೆ ನುಂಗಿ ಓಡುವುದೂ ಬೇಡ ಅಂತ ನಮ್ಮಲ್ಲಿ ಮಾತಾಗಿದೆ. ಅಷ್ಟು ಹೊತ್ತು ಓಡುವಾಗ ಕಿಡ್ನಿಗೆ ಇರುವ ಕೆಲಸವೇ ಸಾಕು.

ವಾಚಿನ 4:30, ರಸ್ತೆಯ 4:30

ಮ್ಯಾರಥಾನ್ ಕೋರ್ಸ್ ಅಳೆಯುವುದು ಸೈಕಲ್ ಚಕ್ರಕ್ಕೆ ಸುತ್ತು ಎಣಿಸುವ ಉಪಕರಣ ಕಟ್ಟಿ. ತಿರುವುಗಳಲ್ಲಿ ಒಳಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಓಡಲು ಸಾಧ್ಯವಿರುವ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಕೋರ್ಸ್ ಅಪ್ಪಿತಪ್ಪಿಯೂ ಚಿಕ್ಕದಾಗಬಾರದು ಅಂತ ಸಾವಿರಕ್ಕೆ ಒಂದರಂತೆ, ಅಂದರೆ 42 ಮೀಟರ್, ಸೇರಿಸುತ್ತಾರೆ. ನಾವು ಜನರ ನಡುವೆ ಆ ಗೆರೆಯ ಮೇಲೇ ಓಡುವುದಕ್ಕೆ ಆಗುವುದಿಲ್ಲ. ಜಿಪಿಎಸ್‌ಗೂ ಅದರದ್ದೇ ತಪ್ಪುಗಳಿವೆ. ಕೊನೆಗೆ ವಾಚು 42.5 ಕಿ.ಮೀ. ತೋರಿಸುವುದು ಮಾಮೂಲು.

42.5 ಕಿ.ಮೀ.ಯನ್ನು ವಾಚಿನ 4:30ರಲ್ಲಿ ಓಡಿದರೆ 3:11:15. ಗುರಿ ತಪ್ಪಿತು! ಹಾಗಾಗಿ ವಾಚಿನಲ್ಲಿ ನಮಗೆ ಕಾಣಬೇಕಾದ್ದು 4:28. ಜೊತೆಗೆ ವಾಚು ತಾನಾಗೇ ಪ್ರತಿ ಕಿಲೋಮೀಟರಿನ ಸಮಯ ಗುರುತಿಸುವ ಆಟೋ ಲ್ಯಾಪ್ ಆಫ್ ಮಾಡಿ, ಪ್ರತಿ 5 ಕಿ.ಮೀ. ಬೋರ್ಡಿನ ಹತ್ತಿರ ಕೈಯಿಂದ ಲ್ಯಾಪ್ ಒತ್ತುವುದು. ಬೋರ್ಡಿನಿಂದ ಬೋರ್ಡಿಗೆ 22:30. ಹಾಫ್ ದಾಟುವಾಗ 1:34:56, 30ಕ್ಕೆ 2:15. ಇಷ್ಟು ನೆನಪಿದ್ದರೆ ಸಾಕು. ತಿರುವುಗಳಲ್ಲಿ ಒಳಅಂಚು ಹಿಡಿಯುವಂತೆ ಕೂಗಿ ಹೇಳುವ ಕೆಲಸ ನನ್ನದು. ಕೋರ್ಸ್ ಮ್ಯಾಪನ್ನು ಗೋಡೆಗೆ ಅಂಟಿಸಿಕೊಂಡು ದಿನಾ ನೋಡುತ್ತಿದ್ದೇನೆ.

30ರ ನಂತರ

ಇದನ್ನು ಮಾತಾಡುವುದಕ್ಕೆ ಎಲ್ಲರಿಗೂ ಮುಜುಗರ ಇತ್ತು. ಒಟ್ಟಿಗೆ ಬೆವರು ಹರಿಸಿದವರನ್ನು ರಸ್ತೆಯ ಮಧ್ಯೆ ಬಿಟ್ಟು ಹೋಗುವ ಮಾತು ಯಾರ ಬಾಯಿಗೂ ಬರುವುದಿಲ್ಲ. ಮೇಷ್ಟ್ರೇ ಶುರು ಮಾಡಿದರು. "ನೋಡ್ರಪ್ಪಾ, ನಾನು ಹಿಂದೆ ಬಿದ್ರೆ ಯಾರೂ ತಿರುಗಿ ನೋಡಬಾರದು. ನನಗೋಸ್ಕರ ನೀವು ನಿಧಾನ ಮಾಡಿದ್ರೆ ಆ ಭಾರ ಹೊತ್ಕೊಂಡು ನಾನು ಓಡಬೇಕಾಗುತ್ತೆ."

"ಹಾಗಲ್ಲ ಮೇಷ್ಟ್ರೇ, ಒಂದೆರಡು ಕಿಲೋಮೀಟರ್ ಆದ್ರೂ..." ಅಂತ ಗೆಳತಿ ಶುರು ಮಾಡಿದಳು.

"ಒಂದು ಮೀಟರೂ ಬೇಡ ತಾಯಿ."

ಅದೇ ನಿಯಮ ಆಯಿತು. 30ರ ತನಕ ಯಾರೂ ಮುಂದೆ ಓಡಿಹೋಗುವ ಹಾಗಿಲ್ಲ. ಯಾರಾದರೂ ಹಿಂದೆ ಬಿದ್ದರೆ ಕಾಯುವ ಹಾಗೂ ಇಲ್ಲ. ಹುಷಾರು ತಪ್ಪಿದರೆ ಮಾತ್ರ ಬೇರೆ ಮಾತು, ಆಗ ಸಮಯದ ಲೆಕ್ಕವೇ ಇಲ್ಲ. 30ರ ನಂತರ ಉಳಿಯುವ 12.195 ಕಿ.ಮೀ. ಪ್ರತಿಯೊಬ್ಬರದ್ದೂ ಅವರವರದೇ ರೇಸ್. ಇದನ್ನು ಬಾಯಿಬಿಟ್ಟು ಹೇಳಿಕೊಂಡ ಮೇಲೆ ನಾಲ್ವರ ಮನಸ್ಸೂ ಹಗುರ ಆಗಿದೆ. ಗೆಳೆಯರ ಜೊತೆ ರೇಸ್ ಓಡುವವರಿಗೆ ನಾನು ಹೇಳುವುದು ಇದೊಂದೇ: ಬಿಟ್ಟು ಹೋಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಓಡುವಾಗ ತೀರ್ಮಾನ ಮಾಡಲು ಹೋಗಬೇಡಿ.

ಟೇಪರ್ ಶುರು

ಈಗ ದೂರ ಇಳಿಸುತ್ತಿದ್ದೇವೆ, ಇದಕ್ಕೇ ಟೇಪರ್ ಅನ್ನುವುದು. ಕೊನೆಗೆ ಸಾಮಾನ್ಯ ವಾರದ ಅರ್ಧದಷ್ಟಕ್ಕೆ ಬರುತ್ತದೆ. ಓಡುವ ದಿನಗಳು ಹೆಚ್ಚುಕಡಿಮೆ ಅಷ್ಟೇ, ವೇಗವೂ ಅಷ್ಟೇ, ದೂರ ಮಾತ್ರ ಕಡಿಮೆ. ಮಂಡಿಯಲ್ಲಿ ಎಲ್ಲೂ ಇಲ್ಲದ ನೋವು ಕಾಣಿಸಿಕೊಳ್ಳುತ್ತಿದೆ, ಎಲ್ಲರಿಗೂ. ಮೇಷ್ಟ್ರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುತ್ತಾರೆ.

ಕೊನೆಯ ಎರಡು ದಿನ ಪ್ರತಿ ಕೆ.ಜಿ. ತೂಕಕ್ಕೆ 10 ಗ್ರಾಂ ಕಾರ್ಬ್ಸ್. ನನಗೆ ಅದು ದಿನಕ್ಕೆ 650 ಗ್ರಾಂ, ಸಣ್ಣ ಮಾತಲ್ಲ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಮೈಯಲ್ಲಿ ನಿಲ್ಲುತ್ತದೆ, ಹಾಗಾಗಿ ತೂಕ ಒಂದೂವರೆ ಕೆ.ಜಿ. ಏರಿದರೆ ಗಾಬರಿ ಬೇಡ ಅಂತ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ.

ಶೂ ಎಲ್ಲರದ್ದೂ ಒಂದು ಉದ್ದದ ಓಟ ಕಂಡಿವೆ. ಸಾಕ್ಸ್ ಕೂಡ.

ಹವಾಮಾನ ಒಂದೇ ಈಗ ನಮ್ಮ ಕೈಯಲ್ಲಿ ಇಲ್ಲದ್ದು. ಸೆಕೆ ಜಾಸ್ತಿ ಇದ್ದರೆ 4:30 ಬಿಟ್ಟು 4:36ಕ್ಕೆ ಇಳಿಯುತ್ತೇವೆ, ಅಂದರೆ 3:14ರ ಆಸುಪಾಸು. ಅದನ್ನು ಸ್ಟಾರ್ಟ್ ಲೈನಿಗೆ ಹೋಗುವ ಮುಂಚೆ ಮೇಷ್ಟ್ರು ಹೇಳುತ್ತಾರೆ, ನಾವು ಮೂವರೂ ವಾದ ಮಾಡದೆ ಒಪ್ಪುತ್ತೇವೆ. ಹುಡುಗ ಕೂಡ ಒಪ್ಪಿದ್ದಾನೆ. ಇನ್ನು ಬಾಕಿ ಇರುವುದು ರೇಸ್ ಪೇಸಿನಲ್ಲಿ ಒಂದು 3 ಕಿ.ಮೀ. ಓಟ, ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ತರುವುದು, ಜೆಲ್‌ಗಳನ್ನು ಬೆಲ್ಟಿಗೆ ಸಿಕ್ಕಿಸುವುದು. ಸ್ಪ್ಲಿಟ್‌ಗಳ ಸಮೇತ ಮುಂದಿನ ಕಂತು ರೇಸ್ ಆದ ಮೇಲೆ.